ಸಾರ್ವಜನಿಕ ನೀತಿಯ ಸ್ನಾತಕೋತ್ತರ ಓದು: ಮೂರು ಕಡೆ ಓದಿ ನೋಡಿದ ಮೇಲೆ

ಲಕ್ಷಕ್ಕೂ ಹೆಚ್ಚು ಹಣ ಕಟ್ಟಿ ಸೇರಿದ ಆನ್‌ಲೈನ್ ಕೋರ್ಸಿಗಿಂತ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ಸಾರ್ವಜನಿಕ ಆಡಳಿತ ಎಂ.ಎ.ಯೇ ನನಗೆ ಒಗ್ಗಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ವಾಸ ನವನಗರದಲ್ಲಿ. ನಮ್ಮದು ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯ ಮನೆತನ. ಎಲ್ಲೋ ದೂರದಲ್ಲಿ ಕಾಗದದ ಮೇಲೆ ನಿಶ್ಚಯವಾದ ಒಂದು ನೀತಿ ಹಳೆಯ ಊರಿನ ಮನೆಯೊಳಗೆ ನೀರಾಗಿ ಬಂದ ಕತೆಯನ್ನು ಕೇಳುತ್ತ ಬೆಳೆದವನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಸಹಜ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಸಾರ್ವಜನಿಕ ನೀತಿಯ ಎರಡು ವರ್ಷದ ಸ್ನಾತಕೋತ್ತರ ಪದವಿ ಇದೆಯಾದರೂ, ನೌಕರಿ ಬಿಟ್ಟು ಅಲ್ಲಿಗೆ ಹೋಗುವುದು ನನ್ನಂಥವನಿಗೆ ಆಗದ ಮಾತಾದ್ದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ನೌಕರಿಯ ಆದೇಶ ಬರುವ ಮೊದಲು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಎಂ.ಎ.ಯ ಒಂದು ಸೆಮಿಸ್ಟರ್ ಓದಿದ್ದೆ. ಭೂತರಾಮನಹಟ್ಟಿಯ ಆವರಣದಲ್ಲಿ, ಹೆದ್ದಾರಿಯ ಲಾರಿಗಳ ಸದ್ದಿನ ಪಕ್ಕದಲ್ಲೇ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ವೀಟೊ ಅಧಿಕಾರದ ಬಗ್ಗೆ ಅಚ್ಚ ಕನ್ನಡದಲ್ಲಿ ಜಗಳವಾಡಿದ ದಿನಗಳವು, ಆ ಸುಖ ಮುಂದೆ ಮತ್ತೆಲ್ಲಿಯೂ ಸಿಗಲಿಲ್ಲ. ಆದರೆ ನೌಕರಿಯಲ್ಲಿದ್ದು ಶೇ 75 ಹಾಜರಾತಿ ಕೊಡುವುದು ಅಸಾಧ್ಯ. ವಯಸ್ಸು ಚಿಕ್ಕದಿದ್ದು ಬೇರೆ ಹೊಣೆ ಇಲ್ಲದವರು ಎರಡನೆಯ ಯೋಚನೆ ಮಾಡದೆ ಅಲ್ಲಿಗೆ ಹೋಗಬಹುದು.

ಆನ್‌ಲೈನ್ ಕೋರ್ಸಿನ ಹೆಸರಿನಲ್ಲಿಯೇ ಸಾರ್ವಜನಿಕ ನೀತಿಯೂ ಜಾಗತಿಕ ಆಡಳಿತವೂ ಇದ್ದವು. ಮೂವತ್ತು ಸಾವಿರದ ನಾಲ್ಕು ಕಂತು, ಶನಿವಾರ ಮತ್ತು ಭಾನುವಾರ ಸಂಜೆ ತರಗತಿ. ಪಾಠ ಚೆನ್ನಾಗಿರಲಿಲ್ಲವೆಂದರೆ ಸುಳ್ಳು ಹೇಳಿದಂತಾಗುತ್ತದೆ. ಒಂದು ಸಂಜೆ ವಿಶ್ವ ವ್ಯಾಪಾರ ಸಂಸ್ಥೆಯ ಸಕ್ಕರೆ ವ್ಯಾಜ್ಯವನ್ನು ಬಿಡಿಸಿ ಹೇಳಿದ್ದನ್ನು ನಾನು ಮರೆಯಲಾರೆ. ಭಾರತವು ಕಬ್ಬು ಬೆಳೆಗಾರರಿಗೆ ಮಿತಿ ಮೀರಿ ಬೆಂಬಲ ಕೊಡುತ್ತಿದೆಯೆಂದು ಬ್ರೆಜಿಲ್, ಆಸ್ಟ್ರೇಲಿಯ ಮತ್ತು ಗ್ವಾಟೆಮಾಲಾ 2019ರಲ್ಲಿ ದೂರು ಒಯ್ದವು. ಉತ್ಪಾದನಾ ಮೌಲ್ಯದ ಶೇ 10ರ ಮಿತಿಯನ್ನು ಭಾರತ 2014-15ರಿಂದ ಸತತ ಐದು ಹಂಗಾಮಿನಲ್ಲಿ ದಾಟಿದೆಯೆಂದು 2021ರ ಡಿಸೆಂಬರಿನಲ್ಲಿ ವಿಚಾರಣಾ ಸಮಿತಿ ವರದಿ ಕೊಟ್ಟಿತು. ಭಾರತ ಮೇಲ್ಮನವಿ ಸಲ್ಲಿಸಿತು, ಆದರೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದದ್ದರಿಂದ ಮೇಲ್ಮನವಿ ಪೀಠ 2019ರ ಡಿಸೆಂಬರಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ ತೀರ್ಪು ಜಾರಿಯಾಗದೆ ಉಳಿಯಿತು. ಮುಧೋಳ, ಜಮಖಂಡಿಯ ರೈತ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೇಳುವ, ಕಬ್ಬಿಗೆ ಸರ್ಕಾರ ನಿಗದಿ ಮಾಡುವ ಎಫ್‌ಆರ್‌ಪಿ ದರಕ್ಕೂ ಜಿನೀವಾದ ಖಾಲಿ ಕುರ್ಚಿಗಳಿಗೂ ಇರುವ ನಂಟು ನನಗೆ ತಿಳಿದದ್ದು ಆ ಒಂದೂವರೆ ತಾಸಿನಲ್ಲಿ.

ಇಂಥ ಕೋರ್ಸು ನನಗೆ ಕಹಿಯಾದದ್ದು ಅಡ್ಡಹೆಸರಿನಿಂದ, ಅಂದರೆ ಮನೆತನದ ಹೆಸರಿನಿಂದ. ನಮ್ಮ ಕಡೆಯ ಅಂಕಪಟ್ಟಿಗಳಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು ಬರುತ್ತದೆ. ನನ್ನ ಆಧಾರ್‌ನಲ್ಲಿ ಸ್ವಂತ ಹೆಸರು ಮೊದಲು, ಅಡ್ಡಹೆಸರು ಕೊನೆಗೆ, ನಡುವೆ ತಂದೆಯ ಹೆಸರಿನ ಒಂದೇ ಅಕ್ಷರ. ಪ್ರವೇಶದ ಹೊತ್ತಿನಲ್ಲಿ, ಅಂದರೆ ಹಣ ಕಟ್ಟಿಸಿಕೊಳ್ಳುವಾಗ, ಯಾರಿಗೂ ಇದು ತೊಡಕಾಗಿ ಕಾಣಲಿಲ್ಲ. ಮೊದಲ ಪರೀಕ್ಷೆಯ ದಿನ ಕ್ಯಾಮೆರಾದ ಮುಂದೆ ಕುಳಿತು ಆಧಾರ್ ಕಾರ್ಡನ್ನು ಎತ್ತಿ ಹಿಡಿದರೆ, ಹೆಸರು ಹೊಂದುತ್ತಿಲ್ಲವೆಂಬ ಕೆಂಪು ಪಟ್ಟಿ ಮೂಡಿತು. ಮತ್ತೆ ಹಿಡಿದೆ, ಮತ್ತೆ ಅದೇ ಪಟ್ಟಿ. ಮೂರನೆಯ ಸಲದ ನಂತರ ಪುಟವೇ ಮುಚ್ಚಿಕೊಂಡಿತು, ನಾನು ಗೈರುಹಾಜರೆಂದು ದಾಖಲಾಯಿತು.

ಸಹಾಯವಾಣಿಗೆ ಬರೆದ ಪ್ರತಿ ದೂರಿಗೂ ಒಂದು ಸಂಖ್ಯೆ ಬರುತ್ತಿತ್ತು, ಎರಡು ದಿನಕ್ಕೆ ಅದು ಬಗೆಹರಿದಿದೆಯೆಂಬ ಇನ್ನೊಂದು ಸಂದೇಶವೂ ಬರುತ್ತಿತ್ತು. ಎರಡೂ ಹೆಸರು ಒಬ್ಬನವೇ ಎಂದು ಕೋರ್ಟಿನ ಬಳಿ ನೋಟರಿಯವರಿಂದ ಅಫಿಡವಿಟ್ ಮಾಡಿಸಿ ಕಳಿಸಿದೆ, ಕನ್ನಡದಲ್ಲಿದೆಯೆಂದು ತಿರಸ್ಕರಿಸಿದರು. ಇಂಗ್ಲಿಷಿನಲ್ಲಿ ಮಾಡಿಸಿ ಕಳಿಸಿದರೆ ಕಡತದ ಗಾತ್ರ ಹೆಚ್ಚಾಯಿತೆಂದರು. ಅದನ್ನೂ ಕುಗ್ಗಿಸಿ ಕಳಿಸಿದ ಮೇಲೆ, ತಮ್ಮ ತಂತ್ರಾಂಶ ಅಫಿಡವಿಟ್ ಓದುವುದಿಲ್ಲ, ಆಧಾರ್ ಮಾತ್ರ ಓದುತ್ತದೆಯೆಂದು ಉತ್ತರ ಬಂತು. ಇದನ್ನು ಮೊದಲ ದಿನವೇ ಹೇಳಿದ್ದರೆ ನೋಟರಿಗೆ ಕೊಟ್ಟ ಹಣವಾದರೂ ಉಳಿಯುತ್ತಿತ್ತು.

ಅದೇ ವಾರ ನಮಗೆ ಕೊಟ್ಟ ಮನೆಗೆಲಸ, ಡಿಜಿಟಲ್ ಗುರುತಿನ ವ್ಯವಸ್ಥೆಯಲ್ಲಿ ಹೊರಗುಳಿಯುವವರ ಬಗ್ಗೆ ಒಂದು ನೀತಿ ಟಿಪ್ಪಣಿ. ನಾನು ನನ್ನದೇ ಪ್ರಕರಣವನ್ನು ಹೆಸರಿಲ್ಲದೆ ಬರೆದೆ: ಹೆಸರಿನ ಕ್ರಮ ಒಂದೊಂದು ಸೀಮೆಗೆ ಒಂದೊಂದು ಬಗೆಯದಾಗಿರುವಾಗ ಅಕ್ಷರಶಃ ಹೋಲಿಕೆ ಮಾಡುವ ಯಂತ್ರದ ಜೊತೆಗೆ ಒಬ್ಬ ಮನುಷ್ಯನ ಪರಿಶೀಲನೆಯೂ ಇರಬೇಕೆಂದು ವಾದಿಸಿದೆ. ಹತ್ತಕ್ಕೆ ಎಂಟೂವರೆ ಅಂಕ ಬಂತು, ವಾದ ಮನಮುಟ್ಟುವಂತಿದೆ ಎಂಬ ಷರಾ ಸಹ ಇತ್ತು. ಪರೀಕ್ಷೆಯ ಪುಟ ಮಾತ್ರ ತೆರೆಯಲಿಲ್ಲ. ಕೊನೆಗೆ ಆಧಾರ್ ಕೇಂದ್ರಕ್ಕೆ ಹೋಗಿ ಹೆಸರಿನ ಕ್ರಮವನ್ನೇ ತಿರುಗಿಸಲು ಹೇಳಿದಾಗ, ಅಲ್ಲಿದ್ದ ಹುಡುಗ ನನ್ನ ಮುಖವನ್ನೊಮ್ಮೆ ನೋಡಿ, ‘ಸಾಹೇಬ್ರ, ಮೊದಲ ಅಡ್ಡಹೆಸರ ಹಾಕಿದ್ರ ನಾಳೆ ಬ್ಯಾಂಕಿನ್ಯಾಗ ತ್ರಾಸ ಆಕ್ಕೈತಿ ನೋಡ್ರಿ’ ಎಂದ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ, ಅದರಲ್ಲಿ ಒಂದನ್ನು ಒಂದು ಕೋರ್ಸಿಗಾಗಿ ಖರ್ಚು ಮಾಡಿದೆ. ಹುಡುಗ ಹೇಳಿದಂತೆಯೇ ಬ್ಯಾಂಕಿನಲ್ಲಿ ತ್ರಾಸವಾಯಿತು, ಅದು ಬೇರೆಯೇ ಕತೆ. ಮರುಪರೀಕ್ಷೆಗೆ ಮತ್ತೆ ಶುಲ್ಕ ಕಟ್ಟಿ ಕೋರ್ಸು ಮುಗಿಸಿದೆ.

ಕ್ಯಾಮೆರಾದ ಮುಂದೆ ಮಾತಾಡಿದ್ದಕ್ಕೂ ಅಲ್ಲಿ ಅಂಕವಿತ್ತು. ನಾನು ಕಡಿಮೆ ಮಾತಾಡುವವನು.

ಈಗ ಇಗ್ನೋ. ಎರಡು ವರ್ಷದ ಒಟ್ಟು ಶುಲ್ಕ ಆ ಕೋರ್ಸಿನ ಒಂದು ಕಂತಿಗಿಂತ ಕಡಿಮೆಯಾಯಿತು. ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿದೆ, ಬಾಗಲಕೋಟೆಯಿಂದ ರೈಲು ಹತ್ತಿದರೆ ಆಲಮಟ್ಟಿಯ ನೀರನ್ನು ನೋಡುತ್ತ ಹೋಗಬಹುದು. ನಾನು ಹೋದದ್ದು ಎರಡೇ ಸಲ. ಹೆಸರಿನ ವಿಷಯದಲ್ಲಿ ಮಾತ್ರ ಇಗ್ನೋಗೆ ವಿಶೇಷ ಶ್ರೇಯಸ್ಸು ಕೊಡಲಾರೆ. ದೂರಶಿಕ್ಷಣಕ್ಕೆ ಯುಜಿಸಿ 2024ರಿಂದ ಕಡ್ಡಾಯ ಮಾಡಿರುವ ವಿದ್ಯಾರ್ಥಿ ಗುರುತಿನ ಸಂಖ್ಯೆ, ಡಿಇಬಿ ಐಡಿ ಕೂಡ ಆಧಾರ್‌ಗೆ ಜೋಡಣೆಯಾದದ್ದು, ನನ್ನ ಆಧಾರ್ ಅಷ್ಟರಲ್ಲಿ ಸರಿಯಾಗಿತ್ತು, ಅಷ್ಟೆ.

ಇಲ್ಲಿ ನೇರ ತರಗತಿಯ ಕಾವು ಇಲ್ಲ, ಅಂತರರಾಷ್ಟ್ರೀಯ ವಿಷಯ ತೆಳು. ಅದನ್ನೇ ಮುಖ್ಯವಾಗಿ ಓದಬೇಕೆನ್ನುವವರು ಅದೇ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಎಂ.ಎ. ನೋಡುವುದು ಒಳ್ಳೆಯದು. ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ, ಕನ್ನಡದಲ್ಲಿ ಬರೆಯುವಂತಿಲ್ಲ ಎಂಬುದು ನನಗೆ ದೊಡ್ಡ ಕೊರಗು. ಆದರೆ ಪುಸ್ತಕಗಳು ಗಟ್ಟಿಯಾಗಿವೆ, ಸೇರದವರೂ ಇಗ್ನೋದ ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ವಿಕೇಂದ್ರೀಕರಣ ಮತ್ತು ಸ್ಥಳೀಯ ಆಡಳಿತದ ಪತ್ರಿಕೆಯನ್ನು ನಾನು ಓದಿದ್ದು ಬೆಳಿಗ್ಗೆ ಐದಕ್ಕೆ, ಪಂಚಾಯಿತಿಯ ಕ್ರಿಯಾಯೋಜನೆಯ ಕಡತವನ್ನು ಪಕ್ಕದಲ್ಲಿಟ್ಟುಕೊಂಡು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ನನ್ನ ಕಡತದಲ್ಲಿ 15ನೇ ಹಣಕಾಸು ಆಯೋಗದ ಅನುದಾನದ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೊದಲೇ ಕಟ್ಟುಹಾಕಿಕೊಂಡು ಬಂದಿತ್ತು. ಗ್ರಾಮಸಭೆಯಲ್ಲಿ ಜನ ಚರಂಡಿ ಬೇಡ, ಹೊಲದ ದಾರಿ ಮಾಡಿರೆಂದು ಕೇಳಿದಾಗ ನಾನು ಕೊಡುವ ಉತ್ತರ ಏಕೆ ಯಾವಾಗಲೂ ತಡವರಿಸುತ್ತದೆಂಬುದು ಆ ಎರಡು ಕಾಗದಗಳ ನಡುವೆ ಇತ್ತು.

ಅಸೈನ್‌ಮೆಂಟುಗಳಿಗೆ ಶೇ 30, ಪರೀಕ್ಷೆಗೆ ಶೇ 70 ಅಂಕ. ಕೈಯಲ್ಲಿ ಬರೆಯುವುದು ಎಷ್ಟೋ ಜನರಿಗೆ ಶಿಕ್ಷೆ, ದಿನವಿಡೀ ನಡಾವಳಿ ಬರೆಯುವ ನನಗೆ ಅದೇ ಸುಲಭ. ಪ್ರಶ್ನೆಗಳು ಸಾಮಾನ್ಯವಾಗಿದ್ದರೂ ಉದಾಹರಣೆ ನಮ್ಮದಾಗಿರಲು ಅಡ್ಡಿಯಿಲ್ಲ. ನೀತಿಯ ಅನುಷ್ಠಾನದ ಬಗ್ಗೆ ಕೇಳಿದಾಗ ನಾನು ಆಲಮಟ್ಟಿಯನ್ನೇ ಬರೆದೆ: ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದರೂ ಸುಪ್ರೀಂ ಕೋರ್ಟು 2011ರಲ್ಲಿ ಅಧಿಸೂಚನೆಯನ್ನು ತಡೆದದ್ದು, ಅದಕ್ಕೂ ಮೊದಲು 1990ರ ದಶಕದಲ್ಲಿ ಪುನರ್ವಸತಿ ಸರಿಯಿಲ್ಲವೆಂದು ವಿಶ್ವಬ್ಯಾಂಕು ಆಲಮಟ್ಟಿಯೂ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಗೆ ಹಣ ನಿಲ್ಲಿಸಿದ್ದು. ಜಾಗತಿಕ ಆಡಳಿತವೆಂಬ ದೊಡ್ಡ ಮಾತು ನಮ್ಮ ಮನೆಯ ಪರಿಹಾರದ ಕಡತದಷ್ಟು ಹತ್ತಿರದಲ್ಲಿತ್ತೆಂದು ನನಗೆ ಖಚಿತವಾದದ್ದು ಆ ಉತ್ತರ ಬರೆಯುವಾಗ.

ಖಾಸಗಿ ಸಂಸ್ಥೆಗಳಲ್ಲಿ ಕೆಲಸ ಮಾಡುವ, ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡುವ, ಶುಲ್ಕವನ್ನು ಕಚೇರಿಯೇ ಭರಿಸುವವರಿಗೆ ಆನ್‌ಲೈನ್ ಕೋರ್ಸು ಸರಿಹೋಗಬಹುದು, ಕಂತು ಕಟ್ಟುವ ಮೊದಲು ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿಕೊಳ್ಳಲಿ. ನನ್ನಂತೆ ಸರ್ಕಾರಿ ನೌಕರಿಯಲ್ಲಿರುವವರು ಇಲಾಖೆಯ ಪೂರ್ವಾನುಮತಿಯನ್ನೂ ಅರ್ಜಿಗೆ ಮೊದಲೇ ಪಡೆಯಬೇಕು. ಆನ್‌ಲೈನ್ ತರಗತಿಗಳ ವಿಡಿಯೊಗಳು ಈಗ ತೆರೆಯುವುದಿಲ್ಲ, ಅವುಗಳಿಂದ ಬರೆದುಕೊಂಡ ಇನ್ನೂರು ಪುಟದ ಎರಡು ನೋಟ್‌ಬುಕ್ ನನ್ನಲ್ಲಿವೆ. ಸಕ್ಕರೆ ವ್ಯಾಜ್ಯದ ಪಾಠ ಎರಡನೆಯದರಲ್ಲಿದೆ, ಡಿಸೆಂಬರಿನ ಪರೀಕ್ಷೆಗೆ ಮೊದಲು ಅದನ್ನು ಇನ್ನೊಮ್ಮೆ ಓದಬೇಕು.