ಹಳೆಯ ಗಿಯರ್ ಸೈಕಲನ್ನು ಫಿಕ್ಸ್ಡ್ ಮಾಡಿಸುವ ಮೊದಲು ಹಬ್‌ನ ಥ್ರೆಡ್ ನೋಡಿಕೊಳ್ಳಿ

ಹಳೆಯ ರೇಸ್ ಸೈಕಲಿನ ಗಿಯರುಗಳನ್ನೆಲ್ಲ ಕಳಚಿ ಅದನ್ನು ಫಿಕ್ಸ್ಡ್ ಗಿಯರ್ ಮಾಡಿಸಬೇಕೆಂದು ಹೊರಟಿರುವವರು ಬಣ್ಣ, ಸೀಟು, ಹ್ಯಾಂಡಲ್ ಟೇಪುಗಳ ಯೋಚನೆಗೆ ಮೊದಲು ಹಿಂದಿನ ಚಕ್ರವನ್ನು ಬಿಚ್ಚಿಸಿ, ಅದರ ನಡುವಿನ ಹಬ್‌ನ ಥ್ರೆಡ್, ಎಂದರೆ ತಿರುಪಿನ ಎಳೆ, ಹೇಗಿದೆಯೆಂದು ಕಣ್ಣಾರೆ ನೋಡಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ನೋಡಲಿಲ್ಲ. ಕಳೆದ ಮಳೆಗಾಲದ ಮೊದಲ ಆರು ವಾರಗಳನ್ನು ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡು ಕಳೆದೆ.

ಸಾಮಾನ್ಯ ಸೈಕಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೆ ಕಾಲು ನಿಲ್ಲುತ್ತದೆ, ಚಕ್ರ ಮಾತ್ರ ಟಿಕ್ ಟಿಕ್ ಎನ್ನುತ್ತ ಓಡುತ್ತಿರುತ್ತದೆ. ಆ ಶಬ್ದ ಫ್ರೀವೀಲಿನದು. ಫಿಕ್ಸ್ಡ್ ಗಿಯರಿನಲ್ಲಿ ಫ್ರೀವೀಲ್ ಇರುವುದಿಲ್ಲ. ಹಿಂದಿನ ಹಲ್ಲುಚಕ್ರ ಹಬ್‌ಗೆ ನೇರವಾಗಿ ಬಿಗಿದಿರುತ್ತದೆ. ಹಾಗಾಗಿ ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗಲೇಬೇಕು, ಪೆಡಲನ್ನು ಕಾಲಿನಿಂದ ತಡೆಹಿಡಿದರೆ ಚಕ್ರದ ವೇಗ ಇಳಿಯಲೇಬೇಕು. ಈ ತಡೆಹಿಡಿಯುವ ಕ್ರಿಯೆಯಲ್ಲೇ ಅದರ ಸೊಗಸೂ ಇದೆ, ನನಗೆ ಬಿದ್ದ ಪೆಟ್ಟಿನ ಮೂಲವೂ ಇದೆ.

ನನ್ನ ಸೈಕಲು ಸೋದರಮಾವ 1986ರಲ್ಲಿ ದುಬೈಯಿಂದ ಊರಿಗೆ ತಂದದ್ದು. ಜಪಾನಿನಲ್ಲಿ ತಯಾರಾದ, ಬಾಗಿದ ಹ್ಯಾಂಡಲಿನ, ಹನ್ನೆರಡು ಗಿಯರಿನ ಆ ಸೈಕಲು ನೀರ್ಚಾಲಿನ ನಮ್ಮ ಮನೆಯ ಅಟ್ಟದಲ್ಲಿ ಅಡಿಕೆ ಗೋಣಿಗಳ ಹಿಂದೆ ವರ್ಷಗಟ್ಟಲೆ ಬಿದ್ದಿತ್ತು. ಉಕ್ಕಿನ ಫ್ರೇಮಿಗೆ ಏನೂ ಆಗಿರಲಿಲ್ಲ. ಗಿಯರ್ ಬದಲಿಸುವ ಭಾಗಗಳು ಮಾತ್ರ ನಮ್ಮೂರಿನ ಮಳೆಗಾಲದ ತೇವಕ್ಕೆ ಸಿಕ್ಕಿ ಕಲ್ಲಾಗಿದ್ದವು, ಹಿಂದಿನ ರಿಮ್ಮಿನಲ್ಲಿ ಕಡ್ಡಿಗಳು ಕೂರುವ ತೂತುಗಳ ಸುತ್ತ ತುಕ್ಕು ತಿಂದಿತ್ತು. ಗಿಯರೇ ಇಲ್ಲದಿದ್ದರೆ ಕೆಡುವುದಕ್ಕೆ ಏನಿದೆ ಎಂಬ ಲೆಕ್ಕಾಚಾರದಲ್ಲಿ, ಸತ್ಯ ಹೇಳಬೇಕೆಂದರೆ ಚಿತ್ರಗಳಲ್ಲಿ ನೋಡಿದ ಆ ತೆಳ್ಳಗಿನ ಸೈಕಲುಗಳ ಮೋಹದಲ್ಲಿ, ಅದನ್ನು ಮಂಗಳೂರಿನ ಅಂಗಡಿಯೊಂದಕ್ಕೆ ಒಯ್ದೆ.

ಅಂಗಡಿಯವರು ಹಿಂದಿನ ಚಕ್ರಕ್ಕೆ ಬದಲಾಗಿ 'ಟ್ರ್ಯಾಕ್ ವೀಲ್' ಎಂದು ಹೇಳಿ ಒಂದು ಸಿದ್ಧ ಚಕ್ರವನ್ನು ಕೊಟ್ಟರು. ನನ್ನ ಹಳೆಯ ರಿಮ್ಮು 27 ಇಂಚಿನದು. ಅದರಲ್ಲಿ ಟೈರು ಕೂರುವ ಜಾಗದ ವ್ಯಾಸ 630 ಮಿಲಿಮೀಟರ್. ಅವರು ಕೊಟ್ಟದ್ದು 700 ಸಿ ಎಂಬ ಅಳತೆಯದು, ವ್ಯಾಸ 622 ಮಿಲಿಮೀಟರ್. ಅಂದರೆ ರಿಮ್ಮು ಇದ್ದ ಜಾಗದಿಂದ 4 ಮಿಲಿಮೀಟರ್ ಕೆಳಗೆ ಹೋಯಿತು, ಹಳೆಯ ಬ್ರೇಕಿನ ರಬ್ಬರುಗಳನ್ನು ಎಷ್ಟು ಇಳಿಸಿದರೂ ರಿಮ್ಮಿಗೆ ಸರಿಯಾಗಿ ತಾಗಲಿಲ್ಲ. ಉದ್ದ ತೋಳಿನ ಬೇರೊಂದು ಬ್ರೇಕ್ ಹುಡುಕಿ ಹಾಕುವುದು ಇದಕ್ಕೆ ಪರಿಹಾರ. "ಫಿಕ್ಸಿಗೆ ಹಿಂದೆ ಬ್ರೇಕ್ ಯಾರೂ ಹಾಕುವುದಿಲ್ಲ ಸರ್, ಕಾಲೇ ಬ್ರೇಕ್" ಎಂದು ಅಂಗಡಿಯ ಹುಡುಗ ನಕ್ಕ. ಮುಂದಿನದನ್ನೂ ತೆಗೆದರೆ ಇನ್ನೂ ಚೆಂದ ಕಾಣುತ್ತದೆ ಎಂದ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಆ ಒಂದು ಹಟ ನನ್ನನ್ನು ಉಳಿಸಿತು.

ಬ್ರೇಕಿಲ್ಲದ ಫಿಕ್ಸ್ಡ್ ಸೈಕಲ್ ಹುಟ್ಟಿದ್ದು ವೆಲೊಡ್ರೋಮಿಗಾಗಿ, ಎಂದರೆ ಸೈಕಲ್ ರೇಸಿನ ಟ್ರ್ಯಾಕಿಗಾಗಿ. ತಿರುವನಂತಪುರದ ಕಾರ್ಯವಟ್ಟದಲ್ಲಿರುವಂಥ, ತಿರುವುಗಳಲ್ಲಿ ಓರೆಯಾಗಿ ಎದ್ದು ನಿಂತ ಆ ಅಂಕಣದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಅಡ್ಡ ಬರಲು ಆಟೋ ಇಲ್ಲ, ನಾಯಿ ಇಲ್ಲ, ಇಳಿಜಾರೂ ಇಲ್ಲ. ಬ್ರಿಟನ್ನಿನಲ್ಲಿ 1983ರ ನಿಯಮಗಳು ರಸ್ತೆಗಿಳಿಯುವ ಫಿಕ್ಸ್ಡ್ ಸೈಕಲಿಗೂ ಮುಂದಿನ ಬ್ರೇಕನ್ನು ಕಡ್ಡಾಯ ಮಾಡಿವೆ. ಇದನ್ನೆಲ್ಲ ನಾನು ಓದಿದ್ದು ಬಿದ್ದ ಮೇಲೆ.

ಮೊದಲ ಎರಡು ವಾರ ಏನೂ ಆಗಲಿಲ್ಲ, ನಿಜಕ್ಕೂ ಖುಷಿಯಾಗಿತ್ತು. ಮುಂದೆ 42 ಹಲ್ಲು, ಹಿಂದೆ 16 ಹಲ್ಲು. ಪೆಡಲಿನ ಒಂದು ಸುತ್ತಿಗೆ ಸೈಕಲು ಸುಮಾರು ಐದೂವರೆ ಮೀಟರ್ ಮುಂದಕ್ಕೆ ಹೋಗುತ್ತದೆ. ಸಮತಟ್ಟಿನ ರಸ್ತೆಯಲ್ಲಿ ಇದು ಹಿತವಾದ ಲೆಕ್ಕ. ಆದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿಯುವಾಗ ಕಾಲು ನಿಮಿಷಕ್ಕೆ 120 ಸುತ್ತು, ಎಂದರೆ ಸೆಕೆಂಡಿಗೆ ಎರಡು ಸುತ್ತು ತಿರುಗಬೇಕಾಗುತ್ತದೆ, ನಡುವೆ ನಿಲ್ಲಿಸುವಂತಿಲ್ಲ. ಗುಡ್ಡೆಯಿಂದ ಗುಡ್ಡೆಗೆ ಹತ್ತಿ ಇಳಿಯುವ ನಮ್ಮ ಕಾಸರಗೋಡಿನ ಒಳನಾಡಿಗೆ ಇದು ಹೇಳಿಸಿದ ಸೈಕಲೇ ಅಲ್ಲ ಎಂದು ಈಗ ಅನಿಸುತ್ತದೆ. ಜೊತೆಗೆ ಚೈನು ಸ್ವಲ್ಪ ಓರೆಯಾಗಿ ಓಡುತ್ತಿದ್ದುದರಿಂದ ಕರಕರ ಶಬ್ದವೂ ಇತ್ತು. ಹೊಸತಲ್ಲವೇ, ಪಳಗುತ್ತದೆ ಎಂದುಕೊಂಡೆ.

ಜೂನ್ ಮೊದಲ ವಾರ, ಬೆಳಿಗ್ಗೆ, ಸೀತಾಂಗೋಳಿ ದಾಟಿ ಕುಂಬಳೆಯ ಕಡೆಗೆ ಇಳಿಯುತ್ತಿದ್ದೆ. ರಾತ್ರಿ ಸುರಿದ ಮಳೆಗೆ ಮುರಮಣ್ಣು ರಸ್ತೆಗೆ ಹರಿದು ಬಂದಿತ್ತು. ಎದುರಿಗೆ ಬಸ್ಸೊಂದು ನಿಂತಿತು. ಪೆಡಲನ್ನು ತಡೆಹಿಡಿದೆ. ಒಂದು ಕ್ಷಣ ಚಕ್ರ ಮಾತು ಕೇಳಿತು. ಆಮೇಲೆ ಕಾಲಿನ ಕೆಳಗೆ ಏನೋ 'ಕಟ್' ಎಂದು ಸಡಿಲಾಯಿತು. ಹಿಂದಕ್ಕೆ ಒತ್ತಿದರೆ ಪೆಡಲು ನೀರಿನಲ್ಲಿ ಕಾಲಾಡಿಸಿದ ಹಾಗೆ ಸುಮ್ಮನೆ ಹಿಂದಕ್ಕೆ ತಿರುಗುತ್ತಿತ್ತು. ಚೈನು ಜಾರಿತು. ಮುಂದಿನ ಬ್ರೇಕನ್ನು ಪೂರ್ತಿ ಹಿಡಿದರೂ, ಕ್ರೋಮ್ ಹಚ್ಚಿದ ಹಳೆಯ ಉಕ್ಕಿನ ರಿಮ್ಮು ಒದ್ದೆಯಾದಾಗ ರಬ್ಬರಿಗೆ ಎಷ್ಟು ಹಿಡಿತ ಕೊಡುತ್ತದೆಂಬುದು ಮಳೆಗಾಲದಲ್ಲಿ ಸೈಕಲ್ ಬಿಟ್ಟವರಿಗೆ ಗೊತ್ತಿರುತ್ತದೆ. ಬಸ್ಸಿನ ಹಿಂಬದಿಗೆ ಹೋಗುವುದಕ್ಕಿಂತ ಲೇಸೆಂದು ಎಡಕ್ಕೆ ತಿರುಗಿಸಿದೆ, ಚರಂಡಿಯ ಆಚೆ ಮುರಕಲ್ಲು ಕಡಿದ ಬರೆಗೆ ಹೋಗಿ ಬಡಿದೆ. ಎಡ ಕೊರಳೆಲುಬು ಬಿರುಕು ಬಿಟ್ಟಿತು.

ಕೈ ಸರಿಯಾಗುವ ಮೊದಲೇ ಆ ಚಕ್ರವನ್ನು ಬದಿಯಡ್ಕದಲ್ಲಿ ನಾನು ಹುಡುಗನಾಗಿದ್ದಾಗಿನಿಂದ ಪಂಕ್ಚರ್ ಹಾಕಿಸುತ್ತಿದ್ದ ಇಚ್ಚನ ಅಂಗಡಿಗೆ ಕಳುಹಿಸಿದೆ. ಅವರು ಹಲ್ಲುಚಕ್ರದ ಹೊರಗಿನ ರಿಂಗನ್ನು ಎರಡು ಬೆರಳಿನಿಂದಲೇ ತಿರುಗಿಸಿ ತೆಗೆದು, ಬೆಳಕಿಗೆ ಹಿಡಿದು ನೋಡಿ, ಕರೆ ಮಾಡಿ ಕೇಳಿದರು: "ಇದು ಬಿ.ಬಿ. ಕಪ್ಪಿನ ರಿಂಗಲ್ವಾ ಮಾಷ್ಟ್ರೇ, ಇದನ್ನು ಇಲ್ಲಿಗೆ ಯಾರು ಹಾಕಿದ್ದು?" ಬಿ.ಬಿ. ಎಂದರೆ ಬಾಟಮ್ ಬ್ರ್ಯಾಕೆಟ್, ಪೆಡಲಿನ ಅಚ್ಚು ಕೂರುವ ಜಾಗ.

ನಿಜವಾದ ಟ್ರ್ಯಾಕ್ ಹಬ್‌ನಲ್ಲಿ ಥ್ರೆಡ್ ಎರಡು ಮೆಟ್ಟಿಲಾಗಿರುತ್ತದೆ. ಒಳಗಿನ ದೊಡ್ಡ ಮೆಟ್ಟಿಲಿಗೆ ಹಲ್ಲುಚಕ್ರ ಕೂರುತ್ತದೆ. ಅದು ಎಲ್ಲ ತಿರುಪುಗಳಂತೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಮುಂದಕ್ಕೆ ತುಳಿದಷ್ಟೂ ಮತ್ತಷ್ಟು ಬಿಗಿಯಾಗುತ್ತದೆ. ಹೊರಗಿನ ಸಣ್ಣ ಮೆಟ್ಟಿಲು ಲಾಕ್ ರಿಂಗಿಗಾಗಿ; ಅದರ ಥ್ರೆಡ್ ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ಪೆಡಲನ್ನು ತಡೆಹಿಡಿದಾಗ ಹಲ್ಲುಚಕ್ರ ಎಡಕ್ಕೆ ತಿರುಗಿ ಬಿಚ್ಚಿಕೊಳ್ಳಲು ನೋಡುತ್ತದೆ, ಆದರೆ ಹಾಗೆ ತಿರುಗುತ್ತ ರಿಂಗನ್ನೂ ಎಡಕ್ಕೆ ಎಳೆಯುವುದರಿಂದ ರಿಂಗು ಇನ್ನಷ್ಟು ಬಿಗಿಯಾಗಿ ಅದನ್ನು ತಡೆಯುತ್ತದೆ. ಇಡೀ ಏರ್ಪಾಡಿನ ಜಾಣತನ ಇರುವುದು ಈ ಉಲ್ಟಾ ಥ್ರೆಡ್ಡಿನಲ್ಲಿ.

ಫ್ರೀವೀಲ್ ಹಾಕುವ ಸಾಮಾನ್ಯ ಹಬ್‌ನಲ್ಲಿ ಒಂದೇ ಮೆಟ್ಟಿಲು. ಅದರ ಅಳತೆ 1.37 ಇಂಚು ವ್ಯಾಸ, ಇಂಚಿಗೆ 24 ಎಳೆ. ಟ್ರ್ಯಾಕ್ ಹಲ್ಲುಚಕ್ರದ ಅಳತೆಯೂ ಅದೇ, ಬಿ.ಬಿ. ಕಪ್ಪಿನ ರಿಂಗಿನದೂ ಅದೇ. ಮೂರೂ ಒಂದಕ್ಕೊಂದು ಸಲೀಸಾಗಿ ಹೊಂದಿಕೊಳ್ಳುವುದೇ ಇಲ್ಲಿನ ಕುತ್ತು. ಹಲ್ಲುಚಕ್ರ, ಬಿ.ಬಿ. ರಿಂಗು ಎರಡರದೂ ಬಲಗಡೆಯ ಥ್ರೆಡ್ ಆದ್ದರಿಂದ ಹಲ್ಲುಚಕ್ರ ಬಿಚ್ಚಿಕೊಳ್ಳುವಾಗ ರಿಂಗನ್ನೂ ತನ್ನ ಜೊತೆಗೇ ಬಿಚ್ಚಿಕೊಂಡು ಹೋಗುತ್ತದೆ. ಇಚ್ಚ ಹಬ್ ಅನ್ನು ಒರೆಸಿ ತೋರಿಸಿದಾಗ ಕಪ್ಪು ಗ್ರೀಸಿನ ನಡುವೆ ಅಲ್ಯೂಮಿನಿಯಂ ಎಳೆಗಳು ಕೂದಲಿನಂತೆ ಸುರುಳಿಯಾಗಿ ಹೊಳೆಯುತ್ತಿದ್ದವು. ಥ್ರೆಡ್ಡಿನ ಅರ್ಧ ಭಾಗ ಆ ಸುರುಳಿಯಾಗಿತ್ತು.

ನನಗೆ ಸುಳಿವುಗಳು ಇರಲಿಲ್ಲವೆಂದಲ್ಲ. ಟ್ರ್ಯಾಕ್ ಹಬ್‌ನ ಅಗಲ ಸಾಮಾನ್ಯವಾಗಿ 120 ಮಿಲಿಮೀಟರ್, ನನ್ನ ಫ್ರೇಮಿನ ಹಿಂಬದಿಯ ಅಂತರ 126. ನಿಜವಾದ ಟ್ರ್ಯಾಕ್ ಚಕ್ರವಾಗಿದ್ದರೆ ಎರಡೂ ಬದಿಗೆ ಮೂರು ಮೂರು ಮಿಲಿಮೀಟರ್ ವಾಷರ್ ಬೇಕಾಗುತ್ತಿತ್ತು. ಈ ಚಕ್ರ ಒಂದೂ ವಾಷರ್ ಇಲ್ಲದೆ ಕೂತಿತು, ಏಕೆಂದರೆ ಅದು ಆರು ಗಿಯರಿನ ಫ್ರೀವೀಲಿಗೆಂದು ಮಾಡಿದ ಹಬ್. ಚೈನು ಓರೆಯಾಗಿದ್ದದ್ದೂ ಅದೇ ಕಾರಣಕ್ಕೆ: ಹಲ್ಲುಚಕ್ರ ಇರಬೇಕಾದ್ದಕ್ಕಿಂತ ಒಳಗೆ ಕೂತಿತ್ತು. ಅಂಗಡಿಗೆ ಕರೆ ಮಾಡಿ ಕೇಳಿದಾಗ "ಎಲ್ಲರಿಗೂ ಹೀಗೇ ಹಾಕಿಕೊಡುವುದು ಸರ್, ಥ್ರೆಡ್ಡಿಗೆ ಅಂಟು ಹಾಕಿದ್ದೇವೆ" ಎಂಬ ಉತ್ತರ ಬಂತು. ಇಳಿಜಾರಿನಲ್ಲಿ ಆಳಿನ ಭಾರವನ್ನೆಲ್ಲ ಹಿಡಿದು ನಿಲ್ಲಿಸುವ ಕೆಲಸವನ್ನು ಅಂಟಿಗೆ ವಹಿಸುವವರ ಜೊತೆ ವಾದ ಮಾಡುವ ತಾಳ್ಮೆ ನನಗಿರಲಿಲ್ಲ.

ಆದ್ದರಿಂದ ಫಿಕ್ಸ್ಡ್ ಚಕ್ರ ಕೊಳ್ಳುವವರು ಅಂಗಡಿಯಲ್ಲೇ ಲಾಕ್ ರಿಂಗನ್ನು ಬಿಚ್ಚಿ ತೋರಿಸಲು ಹೇಳಬೇಕು. ಅದು ಬಲಕ್ಕೆ ತಿರುಗಿಸಿದಾಗ ಬಿಚ್ಚಿಕೊಂಡರೆ ಸರಿ. ಎಡಕ್ಕೆ ತಿರುಗಿಸಿದಾಗ ಬಿಚ್ಚಿಕೊಂಡರೆ ಆ ಚಕ್ರ ಬೇಡ. ಬ್ರೇಕ್ ಎರಡೂ ಇರಲಿ. ಫ್ರೇಮಿನಲ್ಲಿ ಚಕ್ರದ ಅಚ್ಚು ಕೂರುವ ಸೀಳು ಅಡ್ಡಡ್ಡವಾಗಿದ್ದರೆ ಮಾತ್ರ ಚಕ್ರವನ್ನು ಹಿಂದಕ್ಕೆಳೆದು ಚೈನು ಬಿಗಿ ಮಾಡಬಹುದು. ಈಚಿನ ಸೈಕಲುಗಳಂತೆ ನೇರ ಕೆಳಕ್ಕಿದ್ದರೆ ಫಿಕ್ಸ್ಡ್ ಮಾಡುವ ಯೋಚನೆಯನ್ನೇ ಬಿಡುವುದು ಮೇಲು, ಏಕೆಂದರೆ ಸ್ಪ್ರಿಂಗಿನಿಂದ ಚೈನು ಬಿಗಿಸುವ ಸಾಧನಗಳು ಹಿಮ್ಮುಖ ಒತ್ತಡವನ್ನು ತಡೆಯುವುದಿಲ್ಲ.

ನನ್ನ ಸೈಕಲು ಈಗ ಸಿಂಗಲ್ ಸ್ಪೀಡ್ ಆಗಿದೆ. ಇಚ್ಚ ಬೇರೊಂದು ಹಬ್‌ಗೆ ಸಾಮಾನ್ಯ ಸೈಕಲಿನ 18 ಹಲ್ಲಿನ ಫ್ರೀವೀಲನ್ನೇ ತಿರುಗಿಸಿ ಹಾಕಿ, ಅದಕ್ಕೆ ಹೊಂದುವ ಅಗಲ ಚೈನು ಕಟ್ಟಿ, ಹಿಂದಕ್ಕೆ ಉದ್ದ ತೋಳಿನ ಬ್ರೇಕ್ ಜೋಡಿಸಿ ಕೊಟ್ಟಿದ್ದಾರೆ. ಗಿಯರಿನ ರಗಳೆ ಬೇಡವೆಂಬ ಮೂಲ ಉದ್ದೇಶಕ್ಕೆ ಇಷ್ಟೇ ಸಾಕಿತ್ತು. ಸೀತಾಂಗೋಳಿಯ ಇಳಿಜಾರಿನಲ್ಲಿ ಕಾಲು ನಿಲ್ಲಿಸಿಕೊಂಡು ಟಿಕ್ ಟಿಕ್ ಕೇಳುತ್ತ ಇಳಿಯುತ್ತೇನೆ.

ಮಂಗಳೂರಿನ ಅಂಗಡಿಯವರು ಆ ಚಕ್ರವನ್ನು ಮರಳಿಸಿದರೆ ಅರ್ಧ ಹಣ ಕೊಡುವುದಾಗಿ ಆಮೇಲೆ ತಿಳಿಸಿದರು. ಅಳಿದುಳಿದ ಥ್ರೆಡ್ಡನ್ನು ಇಚ್ಚನ ಅಂಗಡಿಯಲ್ಲೇ ಕೂತು ಅರದಿಂದ ಪೂರ್ತಿ ತಿಕ್ಕಿ ಹಾಕಿದ ಮೇಲೆ, ಬೇಕಿದ್ದರೆ ಬಂದು ಒಯ್ಯಿರಿ ಎಂದು ಉತ್ತರಿಸಿದ್ದೇನೆ.