ಶಸ್ತ್ರಚಿಕಿತ್ಸೆಗೆ ಪೂರ್ತಿ ಅಂಕ, ನಂತರದ ಆರೈಕೆಗೆ ಅರ್ಧ

ನಮ್ಮ ಯಜಮಾನರಿಗೆ ದಕ್ಷಿಣ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ತೂಕ, ಸಕ್ಕರೆ ಎರಡನ್ನೂ ಇಳಿಸಲು ಮಾಡುವ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿ 14 ತಿಂಗಳು ಕಳೆದಿವೆ. ಆಗ ಅವರಿಗೆ 51 ವರ್ಷ, ತೂಕ 104 ಕೆ.ಜಿ., ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 36. ಒಂಬತ್ತು ವರ್ಷಗಳ ಟೈಪ್ 2 ಮಧುಮೇಹಕ್ಕೆ ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಂಡರೂ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 9.4ರಿಂದ ಕೆಳಗಿಳಿಯುತ್ತಿರಲಿಲ್ಲ.

ಸರ್ಜನ್ ನಮ್ಮೊಂದಿಗೆ ಮುಕ್ಕಾಲು ಗಂಟೆ ಕುಳಿತು, ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಮಾಡಿ ಅದನ್ನು ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಅದರ ಮುಂದಿನ ಭಾಗಕ್ಕೆ ಜೋಡಿಸುವ ಬಗೆಯನ್ನೂ, ಆಹಾರ ಬೇಗನೆ ಕೆಳಗಿನ ಕರುಳನ್ನು ತಲುಪಿದಾಗ ಜಿಎಲ್‌ಪಿ-1ನಂತಹ ಹಾರ್ಮೋನುಗಳು ಹೆಚ್ಚಿ ಇನ್ಸುಲಿನ್ ಸ್ರವಿಸಲು ನೆರವಾಗುವುದನ್ನೂ ಚಿತ್ರ ಬರೆದು ವಿವರಿಸಿದರು. ತೂಕ ಇಳಿಯುವ ಮೊದಲೇ ಸಕ್ಕರೆ ಇಳಿಯತೊಡಗುವುದು ಏಕೆಂದು ನನಗೆ ತಿಳಿದದ್ದು ಅಂದು. ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ತಯಾರಿಸುವ ಶಕ್ತಿ ಇನ್ನೂ ಎಷ್ಟಿದೆಯೆಂದು ನೋಡಲು ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಿದರು. ಕಾಯಿಲೆ ವಾಸಿಯಾಗಿಬಿಡುತ್ತದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಲಿಫ್ಟಿನ ಪಕ್ಕದ ಫಲಕ ಮಾತ್ರ ‘ಮಧುಮೇಹದಿಂದ ಶಾಶ್ವತ ಮುಕ್ತಿ’ ಎನ್ನುತ್ತದೆ, ಅದನ್ನು ತೆಗೆಯಲೇಬೇಕು.

ಖರ್ಚು ಸುಮಾರು 5 ಲಕ್ಷ ರೂಪಾಯಿ. ಬಹುಪಾಲು ವಿಮೆಯಿಂದ ಬಂತು. ಬಿಎಂಐ 40 ಇರಬೇಕು, ಇಲ್ಲವೇ ಹತೋಟಿಗೆ ಬಾರದ ಮಧುಮೇಹದಂತಹ ತೊಂದರೆಯೊಂದಿಗೆ 35 ಇರಬೇಕು ಎಂಬುದು ವಿಮೆಯ ಷರತ್ತು. ಏಷ್ಯಾದವರಿಗೆ ಈ ಮಿತಿಗಳನ್ನು 2.5ರಷ್ಟು ತಗ್ಗಿಸಬೇಕೆಂದು 2016ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿರುವಾಗ, 33 ಇರುವವರು ಕೈಯಿಂದಲೇ ಹಣ ತೆರಬೇಕಾಗಿರುವುದು ಅನ್ಯಾಯ.

ನನ್ನ ದೂರು ಇರುವುದು ಡಿಸ್ಚಾರ್ಜ್ ನಂತರದ್ದರ ಬಗ್ಗೆ. ಕೊಟ್ಟ ಆಹಾರದ ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು; ಅದರಲ್ಲಿ ಕ್ವಿನೋವಾ ಇತ್ತು, ಬ್ರಾಕೊಲಿ ಸೂಪ್ ಇತ್ತು. ನಾನು ಕೆಲಸಕ್ಕೆ ಹೋದಾಗ ಅಡುಗೆ ನೋಡಿಕೊಳ್ಳುವ ನಮ್ಮ ಅತ್ತೆಯವರಿಗೆ ಅದು ಓದಲು ಬಾರದು. ಒಮ್ಮೆಗೆ 30 ಮಿ.ಲೀ.ಗಿಂತ ಹೆಚ್ಚು ಕುಡಿಸಬೇಡಿ ಎಂದಿದ್ದನ್ನು ನಾನು ಓದಿ ಹೇಳಿದಾಗ, ಅವರು ಅಟ್ಟದ ಡಬ್ಬದಿಂದ ನನ್ನ ಮಗಳ ಬೆಳ್ಳಿಯ ಒಳಲೆಯನ್ನು ತೆಗೆದು ತೊಳೆದರು. ಎರಡು ವಾರ ಬೇಳೆಕಟ್ಟು, ತಿಳಿಸಾರು, ನೀರುಮಜ್ಜಿಗೆ ಎಲ್ಲವೂ ಅವರ ಮಗನಿಗೆ ಆ ಒಳಲೆಯಲ್ಲೇ ಸಂದವು.

ಏಳನೆಯ ವಾರ ಮಲ್ಲೇಶ್ವರದಲ್ಲಿ ನಾಮಕರಣದ ಊಟಕ್ಕೆ ಹೋಗಿದ್ದೆವು. ಅರ್ಧ ಹೋಳಿಗೆ ತಿಂದು ಕಾಲು ಗಂಟೆಯಾಗುವಷ್ಟರಲ್ಲಿ ಅವರ ಅಂಗಿ ಬೆವರಿನಿಂದ ತೊಯ್ದು, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಹೃದಯಾಘಾತವೆಂದೇ ನಾನು ನಡುಗಿದೆ. ಆಸ್ಪತ್ರೆಯ ಸಹಾಯವಾಣಿ ಎತ್ತಲಿಲ್ಲ. 40 ನಿಮಿಷದ ನಂತರ ಸರ್ಜನ್ ಅವರೇ ಕರೆ ಮಾಡಿ, ಸಿಹಿ ಒಮ್ಮೆಲೇ ಕರುಳಿಗಿಳಿದಾಗ ಆಗುವ ಡಂಪಿಂಗ್ ಇದು ಎಂದು ಧೈರ್ಯ ಹೇಳಿದರು. ಅದೇ ಪಟ್ಟಿಯ ಐದನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಆ ಎಚ್ಚರಿಕೆ ಇತ್ತು.

ನಾನು ಲಿಖಿತ ದೂರು ಕೊಟ್ಟ ಮೇಲೆ ಕನ್ನಡ ಬಲ್ಲ ಡಯಟಿಷಿಯನ್ ಒಬ್ಬರು ಸಿಕ್ಕರು. ಅವರ ಮೊದಲ ಪ್ರಶ್ನೆಯೇ “ಸರ್ ಮುದ್ದೆ ನುಂಗ್ತಾರಾಮ್ಮ?” ಎಂಬುದಾಗಿತ್ತು. ಅಗಿಯದೆ ಏನನ್ನೂ ಒಳಗಿಳಿಸಬಾರದ ಈ ಸ್ಥಿತಿಯಲ್ಲಿ, ಹುಟ್ಟಿದಾಗಿನಿಂದ ಮುದ್ದೆ ನುಂಗಿ ಬೆಳೆದವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ, ಅದುವರೆಗೆ ಯಾರೂ ಕೇಳಿರಲಿಲ್ಲ. ದಿನಕ್ಕೆ 60 ಗ್ರಾಂ ಪ್ರೋಟೀನನ್ನು ಮೊಟ್ಟೆ, ಪನೀರ್, ಮೊಸರು, ಮೊಳಕೆ ಹುರುಳಿಕಾಳಿನಲ್ಲಿ ಹೊಂದಿಸುವುದನ್ನೂ, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಡುವುದನ್ನೂ ಅತ್ತೆಯವರಿಗೇ ಫೋನಿನಲ್ಲಿ ತಿಳಿಸಿದರು.

ಈಗ ತೂಕ 77 ಕೆ.ಜಿ. ಇನ್ಸುಲಿನ್ ಮೊದಲ ವಾರದಲ್ಲೇ ನಿಂತಿತು. ಒಂದು ಮೆಟ್ಫಾರ್ಮಿನ್ ಮಾತ್ರೆಯೊಂದಿಗೆ ಎಚ್‌ಬಿಎ1ಸಿ 6.2. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬೇಕು, ರಕ್ತಪರೀಕ್ಷೆಯನ್ನೂ ತಪ್ಪಿಸುವಂತಿಲ್ಲ. ಒಂಬತ್ತನೆಯ ತಿಂಗಳಲ್ಲಿ ಕಬ್ಬಿಣದಂಶ ಕುಸಿದದ್ದು ಗೊತ್ತಾದದ್ದು ಅದರಿಂದಲೇ. ಶಸ್ತ್ರಚಿಕಿತ್ಸೆಗೆ ಇದೇ ಸರ್ಜನ್ ಬಳಿ ಹೋಗಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಮುಂಗಡ ಕಟ್ಟುವ ಮೊದಲೇ ಡಯಟಿಷಿಯನ್ ಯಾರು, ರಾತ್ರಿ ಫೋನ್ ಎತ್ತುವವರು ಯಾರು ಎಂದು ಕೇಳಿ ಬರೆಸಿಕೊಳ್ಳಿ.

ಡಯಟಿಷಿಯನ್ ಹೇಳಿದ್ದನ್ನೆಲ್ಲ ನಾನು ಕನ್ನಡದಲ್ಲಿ ಎರಡು ಪುಟ ಬರೆದು, ಅವರಿಂದಲೇ ತಿದ್ದಿಸಿ, ಆಸ್ಪತ್ರೆಗೆ ಕೊಟ್ಟಿದ್ದೆ. ಕಳೆದ ತಿಂಗಳು ತಪಾಸಣೆಗೆ ಹೋದಾಗ ತುಮಕೂರಿನಿಂದ ಬಂದಿದ್ದ ದಂಪತಿಯ ಕೈಯಲ್ಲಿ ಅದೇ ಇಂಗ್ಲಿಷ್ ಪಟ್ಟಿಯಿತ್ತು.