ಹಿಂದಿನ ಚಕ್ರದ ಬ್ರೇಕ್ ಪದೇ ಪದೇ ಸವೆಯುತ್ತಿದ್ದ ನಮ್ಮ ಕಾರು, ಕಾರಣ ಹುಡುಕಿಕೊಟ್ಟ ಪುತ್ತೂರಿನ ಗ್ಯಾರೇಜು

ಪುತ್ತೂರು, ಸುಳ್ಯ, ವಿಟ್ಲ ಕಡೆಯವರಿಗೆ, ಅದರಲ್ಲೂ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಸೆಡಾನ್ ಇಟ್ಟುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ದರ್ಬೆ ದಾಟಿ ಸುಳ್ಯ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಒಂದು ಶೀಟಿನ ಶೆಡ್ ಇದೆ. ಬೋರ್ಡ್ ಇಲ್ಲ. 'ಬ್ರೇಕಿನವರು' ಎಂದು ಕೇಳಿದರೆ ಆಟೋದವರು ತೋರಿಸುತ್ತಾರೆ. ಬ್ರೇಕ್ ಕೆಲಸಕ್ಕೆ ಇನ್ನು ಮುಂದೆ ನಾನು ಬೇರೆ ಕಡೆ ಹೋಗುವುದಿಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಮ್ಮದು ಪೆಟ್ರೋಲ್ ಸೆಡಾನ್. ಕಂಪನಿ ಹೆಸರು ಬೇಡ. ಮನೆಯಲ್ಲಿ ಐದು ಜನ, ಡಿಕ್ಕಿಯಲ್ಲಿ ಅತ್ತೆಯವರ ವೀಲ್‌ಚೇರ್. ನಾನು ವಿಟ್ಲದಲ್ಲಿ ಹೈಸ್ಕೂಲ್ ಟೀಚರ್, ಪರ್ಲಡ್ಕದ ಮನೆಯಿಂದ ದಿನಾ ಹೋಗಿ ಬರುತ್ತೇನೆ. ರಜೆ ಸಿಕ್ಕಾಗ ಸಂಪಾಜೆ ಘಾಟಿ ಹತ್ತಿ ತವರು ಮಡಿಕೇರಿಗೆ. ಅಷ್ಟೇ ಓಡಾಟ.

28,000 ಕಿಲೋಮೀಟರ್ ಆಗುವಷ್ಟರಲ್ಲಿ ಹಿಂದಿನ ಚಕ್ರಗಳ ಪ್ಯಾಡ್, ಅಂದರೆ ಬ್ರೇಕ್ ಒತ್ತಿದಾಗ ಡಿಸ್ಕನ್ನು ಹಿಡಿದು ನಿಲ್ಲಿಸುವ ಬಿಲ್ಲೆ, ಮುಗಿದಿತ್ತು. ಚಕ್ರದ ಜೊತೆ ತಿರುಗುವ ಆ ಡಿಸ್ಕ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಮುಂದಿನ ಪ್ಯಾಡ್ ಮಾತ್ರ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ಹೆಚ್ಚಿನ ಕೆಲಸ ಮುಂದಿನ ಬ್ರೇಕ್‌ನದು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಿದ್ದ ಮೇಲೆ ಹಿಂದಿನದು ಮೊದಲು ಹೇಗೆ ಹೋಯಿತು? ಸರ್ವಿಸ್ ಸೆಂಟರ್‌ನಲ್ಲಿ ಕೇಳಿದೆ. "ವೇರ್ ಅಂಡ್ ಟೇರ್ ಮೇಡಂ, ವಾರಂಟಿಯಲ್ಲಿ ಬರಲ್ಲ. ನೀವು ಘಾಟಿಯಲ್ಲಿ ಓಡಿಸ್ತೀರಲ್ವಾ, ಹಾಗಾಗಿ" ಎಂದರು. ಪ್ಯಾಡ್ ಮತ್ತು ಡಿಸ್ಕ್ ಎರಡೂ ಹೊಸದು ಹಾಕಿದರು. ಬಿಲ್ 14,000 ದಾಟಿತು. ಹಳೆಯ ಪ್ಯಾಡ್ ತೋರಿಸಿ ಎಂದರೆ ಸ್ಕ್ರ್ಯಾಪಿಗೆ ಹೋಯಿತು ಎಂಬ ಉತ್ತರ.

ಮತ್ತೆ ಸುಮಾರು 15,000 ಕಿಲೋಮೀಟರ್ ಓಡುವಷ್ಟರಲ್ಲಿ ಎಡಗಡೆ ಹಿಂದಿನ ಚಕ್ರದಿಂದ ಕಿರ್ರ್ ಅಂತ ಸದ್ದು. ಅದೇ ಸೆಂಟರ್, ಅದೇ ಉತ್ತರ, ಅದೇ ಎಸ್ಟಿಮೇಟ್. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಘಾಟಿಯಲ್ಲಿ ಸವೆದಿದ್ದರೆ ಎರಡೂ ಕಡೆ ಸವೆಯಬೇಕು, ಎಡಗಡೆ ಮಾತ್ರ ಯಾಕೆ? ಎದುರಿದ್ದ ಅಡ್ವೈಸರ್ ಹುಡುಗನಿಗೆ ಇದನ್ನು ಕೇಳಿದೆ. ಅವನು ಮತ್ತೆ ಎಸ್ಟಿಮೇಟ್ ಕಾಗದವನ್ನೇ ತೋರಿಸಿದ. ಕೆಲಸ ಮಾಡಿಸದೆ ಹೊರಟು ಬಂದೆ. ಸಹೋದ್ಯೋಗಿಯೊಬ್ಬರು ದರ್ಬೆಯ ಈ ಶೆಡ್ ಬಗ್ಗೆ ಹೇಳಿದರು.

ಇಲ್ಲಿಯ ಮೆಕ್ಯಾನಿಕ್ ಮೊದಲು ಸ್ಪಾನರ್ ಮುಟ್ಟಲೇ ಇಲ್ಲ. "ಸಂಪ್ಯದವರೆಗೆ ಹೋಗಿ ಬನ್ನಿ ಅಕ್ಕ. ಬ್ರೇಕ್ ಆದಷ್ಟು ಕಮ್ಮಿ ಒತ್ತಿ, ಗೇರಿನಲ್ಲೇ ನಿಧಾನ ಮಾಡಿ" ಎಂದರು. ಬಂದ ಕೂಡಲೇ ಟೆಂಪರೇಚರ್ ಗನ್ ಹಿಡಿದು ನಾಲ್ಕೂ ಡಿಸ್ಕ್ ನೋಡಿದರು. ಮೂರು ಬೆಚ್ಚಗಿದ್ದವು. ಎಡಗಡೆ ಹಿಂದಿನದು ಹತ್ತಿರ ಕೈ ತಂದರೇ ಗೊತ್ತಾಗುವಷ್ಟು ಕಾದಿತ್ತು. ಬ್ರೇಕ್ ಒತ್ತದಿದ್ದರೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇದೆ ಎಂದು ಇದರ ಅರ್ಥ. ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರ ತಿರುಗಿಸಿದರು. ಬಲಗಡೆಯದು ಸುಲಭವಾಗಿ ತಿರುಗಿತು. ಎಡಗಡೆಯದು ಅರ್ಧ ಸುತ್ತಿಗೇ ನಿಂತಿತು.

ಕ್ಯಾಲಿಪರ್, ಅಂದರೆ ಪ್ಯಾಡ್ ಹಿಡಿದಿರುವ ಭಾಗ, ಬಿಚ್ಚಿದಾಗ ಕಾರಣ ಸಿಕ್ಕಿತು. ಅವರು ನನಗೆ ವಿವರಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇಡೀ ಸಮಸ್ಯೆ ಇರುವುದೇ ಇದರಲ್ಲಿ. ನಮ್ಮಂಥ ಕಾರುಗಳ ಹಿಂದಿನ ಕ್ಯಾಲಿಪರಿಗೆ ಒಂದೇ ಪಿಸ್ಟನ್, ಅದೂ ಒಳಗಡೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರ್ ತಾನೇ ಎರಡು ಪಿನ್‌ಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಆ ಪಿನ್ ಸಲೀಸಾಗಿ ಜಾರಬೇಕು. ಜಾರದಿದ್ದರೆ ಕೆಲಸವೆಲ್ಲ ಒಳಗಿನ ಪ್ಯಾಡ್ ಮೇಲೆ ಬೀಳುತ್ತದೆ, ಬ್ರೇಕ್ ಬಿಟ್ಟ ಮೇಲೂ ಅದು ಪೂರ್ತಿ ಬಿಡುವುದಿಲ್ಲ. ನಮ್ಮ ಕಾರಿನ ಕೆಳಗಿನ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದರ ರಬ್ಬರ್ ಬೂಟ್ ಹರಿದು ಒಳಗೆ ನೀರು, ಕೆಂಪು ಮಣ್ಣು. ಗ್ರೀಸ್ ಇದ್ದ ಗುರುತೂ ಇಲ್ಲ. ಒಳಗಿನ ಪ್ಯಾಡ್ ಕಬ್ಬಿಣದ ಪಟ್ಟಿಯವರೆಗೆ ಸವೆದಿತ್ತು. ಹೊರಗಿನದರಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಎರಡನ್ನೂ ನನ್ನ ಕೈಗೆ ಕೊಟ್ಟು, "ನೋಡಿ ಅಕ್ಕ, ಹೊರಗಿನಿಂದ ಇಣುಕಿದರೆ ಎಲ್ಲ ಸರಿ ಉಂಟು ಅಂತಲೇ ಕಾಣುವುದು" ಎಂದರು. ಚಕ್ರದ ಸಂದಿನಿಂದ ನಮಗೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ.

ಅಂದರೆ ಮೊದಲ ಸಲ ಹೊಸ ಪ್ಯಾಡ್, ಹೊಸ ಡಿಸ್ಕ್ ಹಾಕಿದವರು ಪಿನ್ ಹೊರಗೆ ತೆಗೆದು ನೋಡಿದ್ದರೆ ಎರಡನೇ ಸೆಟ್ ಹಾಳಾಗುತ್ತಿರಲಿಲ್ಲ. ಪ್ರತಿ ಸರ್ವಿಸ್‌ನಲ್ಲೂ ಬಿಲ್ಲಿನಲ್ಲಿ 'ಬ್ರೇಕ್ ಕ್ಲೀನಿಂಗ್' ಅಂತ ದುಡ್ಡು ತೆಗೆದುಕೊಂಡಿದ್ದಾರೆ. ಪಿನ್‌ಗೆ ಗ್ರೀಸ್ ಹಚ್ಚದ ಬ್ರೇಕ್ ಕ್ಲೀನಿಂಗ್ ಯಾವ ಕೆಲಸಕ್ಕೂ ಬಾರದು. ಆಮೇಲೆ ಫೋಟೋ ಸಮೇತ ಅವರಿಗೆ ಮೇಲ್ ಕಳಿಸಿದ್ದೇನೆ. ನೋಟ್ ಮಾಡಿಕೊಂಡಿದ್ದೇವೆ ಎಂದು ಒಂದು ಸಾಲಿನ ಉತ್ತರ ಬಂತು, ದುಡ್ಡು ಬಂದಿಲ್ಲ. ವಾರಂಟಿ ಇನ್ನೂ ಇರುವವರು ಒಂದು ವಿಷಯ ಗಮನಿಸಿ. ಪ್ಯಾಡ್, ಡಿಸ್ಕ್ ಸವೆಯುವ ಸಾಮಾನು, ಅದಕ್ಕೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಆದರೆ ಕ್ಯಾಲಿಪರ್ ಹಾಗಲ್ಲ. ಪಿನ್ ಅಥವಾ ಪಿಸ್ಟನ್ ಕಚ್ಚಿಕೊಂಡಿದ್ದರೆ ಅದನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ, ವಾರಂಟಿ ಕೇಳಿ.

ಡಿಸ್ಕ್ ಅಳತೆ ತೆಗೆದದ್ದು ನನಗೆ ತುಂಬಾ ಇಷ್ಟವಾಯಿತು. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಅಚ್ಚು ಹಾಕಿರುತ್ತಾರೆ. ನಮ್ಮದರಲ್ಲಿ 8.4 ಮಿಲಿಮೀಟರ್, ಹೊಸದಿದ್ದಾಗ 10. ಸವೆದ ಡಿಸ್ಕಿನ ಅಂಚಿನಲ್ಲಿ ಒಂದು ದಿಂಡು ಉಳಿದಿರುತ್ತದೆ. ಅದರ ಮೇಲೆ ವರ್ನಿಯರ್ ಇಟ್ಟರೆ ಅಳತೆ ಸುಳ್ಳು ಬರುತ್ತದೆ. ಅದಕ್ಕೆ ಇವರು ಡಿಸ್ಕಿನ ಎರಡೂ ಕಡೆ ಒಂದೊಂದು ರೂಪಾಯಿ ನಾಣ್ಯ ಇಟ್ಟು ಅಳೆದು, ಆಮೇಲೆ ನಾಣ್ಯಗಳ ದಪ್ಪ ಕಳೆದರು. ಎಡಗಡೆ 8.7 ಬಂತು. ಲೆಕ್ಕಕ್ಕೆ ಇನ್ನೂ ಇದೆ, ಆದರೆ ಗೀರು ಹೋಗುವಷ್ಟು ಲೇತ್‌ನಲ್ಲಿ ಉಜ್ಜಿಸಿದರೆ 8.4ಕ್ಕಿಂತ ಕೆಳಗೆ ಹೋಗುತ್ತದೆ. ಹಾಗಾಗಿ ಬದಲಾಯಿಸಲೇಬೇಕು, ಅದೂ ಎರಡೂ ಕಡೆ ಜೊತೆಗೆ, ಇಲ್ಲದಿದ್ದರೆ ಬ್ರೇಕ್ ಒಂದೇ ಸಮ ಹಿಡಿಯುವುದಿಲ್ಲ ಎಂದರು. ಲೆಕ್ಕ ತೋರಿಸಿ ಹೇಳಿದ ಮೇಲೆ ನನಗೆ ಖರ್ಚಿನ ಬಗ್ಗೆ ತಕರಾರು ಇರಲಿಲ್ಲ.

ಪಿಸ್ಟನ್ ಒಳಗೆ ತಳ್ಳುವುದರಲ್ಲೂ ಒಂದು ವಿಷಯ ಇದೆ. ನಮ್ಮ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಕೂಡ ಅದೇ ಪಿಸ್ಟನ್ ಮೇಲೆ ಕೆಲಸ ಮಾಡುತ್ತದೆ. ಹಾಗಾಗಿ ಮುಂದಿನ ಬ್ರೇಕಿನ ಹಾಗೆ ಕ್ಲ್ಯಾಂಪ್ ಹಾಕಿ ಒತ್ತಬಾರದು, ತಿರುಗಿಸುತ್ತಾ ಒಳಗೆ ಕಳಿಸಬೇಕು. ಒತ್ತಿದರೆ ಒಳಗಿನ ಅಡ್ಜಸ್ಟರ್ ಹಾಳು. ಅದಕ್ಕೆಂದೇ ಇರುವ ಟೂಲ್ ಇವರ ಹತ್ತಿರ ಇದೆ. ಬಟನ್ ಒತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಾದರೆ ಮೊದಲು ಅದನ್ನು ಸರ್ವಿಸ್ ಮೋಡಿಗೆ ಹಾಕಬೇಕು. ಆ ಕೆಲಸ ಇಲ್ಲಿ ಮಾಡುವುದಿಲ್ಲ ಎಂದು ಅವರೇ ಹೇಳುತ್ತಾರೆ. ಪಿನ್‌ಗೆ ಹಚ್ಚಿದ್ದು ಸಿಲಿಕಾನ್ ಗ್ರೀಸ್. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಕಚ್ಚುತ್ತದಂತೆ.

ಹಿಂದಿನ ಬ್ರೇಕ್‌ಗೆ ಈಗ ಕೆಲಸ ಕಡಿಮೆ ಎಂದುಕೊಳ್ಳುವ ಹಾಗೂ ಇಲ್ಲ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಅದರ ಜೊತೆ ಬರುವ ಇಬಿಡಿ ಹಿಂದೆ ಮುಂದೆ ಎಷ್ಟು ಒತ್ತಡ ಹೋಗಬೇಕು ಎಂದು ನೋಡಿಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದಾಗ ಮೂತಿ ಕೆಳಗೆ ಬಾಗದಿರಲಿ ಎಂದು ಹಿಂದಿನ ಚಕ್ರಕ್ಕೆ ಹೆಚ್ಚು ಪಾಲು ಕೊಡುತ್ತದೆ. ಹಿಂದಿನ ಪ್ಯಾಡ್ ಸಾಮಾನ್ಯವಾಗಿ ಚಿಕ್ಕದು ಬೇರೆ. ಅಮೆರಿಕದಲ್ಲಿ 2008ರಿಂದ 2010ರ ಹೋಂಡಾ ಅಕಾರ್ಡ್ ಮಾಲೀಕರು ಹಿಂದಿನ ಪ್ಯಾಡ್ ಬೇಗ ಸವೆಯುತ್ತದೆ ಎಂದು ಒಟ್ಟಾಗಿ ಕೋರ್ಟಿಗೆ ಹೋಗಿದ್ದರು. ಕೊನೆಗೆ ಕಂಪನಿ ರಾಜಿ ಮಾಡಿಕೊಂಡು ಖರ್ಚಿನ ಒಂದು ಭಾಗ ವಾಪಸ್ ಕೊಡಲು ಒಪ್ಪಿತು. ನನ್ನದು ಆ ಕಾರಲ್ಲ, ಕಾರಣವೂ ಬೇರೆ. ಆದರೆ 'ನಿಮ್ಮ ಡ್ರೈವಿಂಗ್ ಸರಿ ಇಲ್ಲ' ಎಂಬ ಮಾತನ್ನು ಸುಮ್ನೆ ಒಪ್ಪಿಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ಊರಿನ ಮಳೆಯದೂ ಪಾಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಒಣಗುವುದೇ ಇಲ್ಲ. ಒದ್ದೆ ಡಿಸ್ಕ್ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಪ್ಯಾಡ್ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗವಾದರೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಇಳಿಜಾರಾದರೆ ಹ್ಯಾಂಡ್ ಬ್ರೇಕ್ ಬೇಕೇ ಬೇಕು, ಕಲ್ಲೂ ಇರಲಿ ಎಂದು ಮೆಕ್ಯಾನಿಕ್ ಹೇಳಿದರು. ಮಳೆಗಾಲ ಶುರುವಾಗುವ ಮೊದಲು, ಮುಗಿದ ಮೇಲೆ ಒಂದೊಂದು ಸಲ ಪಿನ್ ಬಿಚ್ಚಿ ಗ್ರೀಸ್ ಮಾಡಿಸಿ ಎಂದೂ ಹೇಳಿದರು.

ಖರ್ಚು ಹೇಳುತ್ತೇನೆ. ಕಂಪನಿಯದೇ ಡಿಸ್ಕ್ ಮತ್ತು ಪ್ಯಾಡ್, ಎರಡೂ ಕಡೆಗೆ ಹೊಸ ಪಿನ್ ಮತ್ತು ಬೂಟ್, ಹೊಸ ಬ್ರೇಕ್ ಆಯಿಲ್, ಕೂಲಿ ಎಲ್ಲ ಸೇರಿ ಹತ್ತೂವರೆ ಸಾವಿರದ ಹತ್ತಿರ. ಸಾಮಾನಿನ ಬಿಲ್ ಅಂಗಡಿಯದ್ದೇ ಕೊಟ್ಟರು, ಮೇಲೆ ಒಂದು ರೂಪಾಯಿ ಹಾಕಿಲ್ಲ. ಹಳೆಯ ಸಾಮಾನೆಲ್ಲ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಟ್ಟರು.

ಕೊರತೆಯೂ ಇದೆ. ಲಿಫ್ಟ್ ಇಲ್ಲ. ಕೂರಲು ಜಾಗ ಇಲ್ಲ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಡಿಸ್ಕ್ ಮಂಗಳೂರಿನಿಂದ ಬರಬೇಕಾದ್ದರಿಂದ ಕಾರು ಅಲ್ಲೇ ಬಿಟ್ಟು ಬರಬೇಕಾಯಿತು. ಹೇಳಿದ ದಿನಕ್ಕೆ ಮುಗಿಯಲಿಲ್ಲ, ಫೋನ್ ಮಾಡಿದರೆ ಎತ್ತಲಿಲ್ಲ. ಶಾಲೆಗೆ ಬಸ್ಸಿನಲ್ಲಿ ಹೋದೆ. ಇದನ್ನು ಅವರ ಎದುರಿಗೂ ಹೇಳಿದ್ದೇನೆ. ಕೆಲಸದ ಮಧ್ಯೆ ಫೋನ್ ಮುಟ್ಟುವುದಿಲ್ಲ, ಸಂಜೆ ಮಾಡಿ ಅಕ್ಕ ಎಂದರು.

ಈ ಸಲದ ಮಳೆಗಾಲ ಮುಗಿದ ಮೇಲೆ ಮತ್ತೆ ಬಿಚ್ಚಿಸಿ ನೋಡಿದೆ. ಎಡ ಬಲ, ಒಳಗೆ ಹೊರಗೆ ನಾಲ್ಕೂ ಪ್ಯಾಡ್ ಒಂದೇ ಸಮ ಸವೆದಿವೆ, ಪಿನ್ ಬೆರಳಲ್ಲಿ ಎಳೆದರೆ ಬರುತ್ತದೆ. ಹೋಗುವವರು ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಭಾನುವಾರ ರಜೆ. ದುಡ್ಡು ಫೋನ್‌ಪೇ ಆಗುತ್ತದೆ, ಕಾರ್ಡ್ ಆಗುವುದಿಲ್ಲ.